ನೆರೆಮನೆಯ ಬಿಸಿ

ನಮ್ಮ ಕಟ್ಟಡದ ಎಲ್ಲ ತಲೆಗಳನ್ನೂ ನಾನು ಮುಟ್ಟಿ ನೋಡಿದ್ದೇನೆ. ಪೆರ್ನಿಕ್ ಊರಿನ ಮಾರುಕಟ್ಟೆಯ ಹಿಂದಿನ ಅಂಗಡಿಯಲ್ಲಿ ಮೂವತ್ತು ವರ್ಷ ಕತ್ತರಿ ಹಿಡಿದವಳು ನಾನು, ರಾದ್ಕಾ. ಯಾರ ತಲೆಯ ಮೇಲೆ ಎಂಥ ಕೂದಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಒಳಗೆ ಏನಿದೆ ಎಂದು ಮಾತ್ರ ಕೇಳಬೇಡಿ. ಎಂಟು ಮನೆಗಳ ಬುದ್ಧಿಯನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟರೂ ಒಂದು ಲೋಟ ಚಹಾ ಕಾಯುವುದಿಲ್ಲ.

ನಾಲ್ಕು ಮಹಡಿ, ಮಹಡಿಗೆ ಎರಡು ಮನೆ. ಹಳೇ ಸರ್ಕಾರದ ಕಾಲದಲ್ಲಿ ಕಾರ್ಖಾನೆಯಲ್ಲಿ ಎರೆದ ಸಿಮೆಂಟಿನ ಗೋಡೆಗಳನ್ನು ಲಾರಿಯಲ್ಲಿ ತಂದು ಇಸ್ಪೀಟಿನ ಎಲೆ ನಿಲ್ಲಿಸಿದ ಹಾಗೆ ನಿಲ್ಲಿಸಿ ಹೋಗಿದ್ದರು. ಸಂದುಗಳಿಂದ ಬೆಟ್ಟದ ಗಾಳಿ ಹೇಳದೆ ಕೇಳದೆ ಒಳಗೆ ಬರುತ್ತಿತ್ತು. ಅದಕ್ಕೆ ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಮಾಡಿಕೊಂಡಿದ್ದರು. ಮೇಲಿನ ಮಹಡಿಯ ಪ್ಲಾಮೆನ್, ಹಳೇ ಟೈರು ಮಾರುವವನು, ತನ್ನ ಮನೆಯ ಹೊರಗೋಡೆಗೆ ಮಾತ್ರ ಥರ್ಮೋಕೋಲ್ ಹಲಗೆ ಮೆತ್ತಿಸಿ ಹಸಿರು ಬಣ್ಣ ಬಳಿಸಿದ್ದ. ನಮ್ಮ ಪಕ್ಕದ ಮನೆಯ ತ್ಸೋಂಕಾ ಗುಜರಿಗೆ ಬಿದ್ದ ರೈಲಿನ ಕಿಟಕಿಗಳನ್ನು ತಂದು ಬಾಲ್ಕನಿಗೆ ಜೋಡಿಸಿ, ಅಲ್ಲೇ ಒಲೆ ಇಟ್ಟು ಅಡುಗೆಮನೆ ಮಾಡಿಕೊಂಡಿದ್ದಳು. ದೂರದಿಂದ ನೋಡಿದರೆ ನಮ್ಮ ಕಟ್ಟಡ ಹಳೇ ಕೌದಿಯಂತೆ ಕಾಣುತ್ತಿತ್ತು. ಕೌದಿಯಾದರೂ ಬೆಚ್ಚಗಿರುತ್ತದೆ.

ನಮ್ಮದು ಎಲ್ಲಕ್ಕಿಂತ ಕೆಳಗಿನ, ಉತ್ತರ ದಿಕ್ಕಿನ ಮನೆ. ಮಗ ಓಗ್ನ್ಯಾನ್ ಜರ್ಮನಿಯಲ್ಲಿ ಲಾರಿ ಓಡಿಸುತ್ತಾನೆ. ಮನೆಯಲ್ಲಿ ನಾನು, ಸೊಸೆ ಗಲೀನಾ, ಮೊಮ್ಮಗಳು ಎಲಿತ್ಸಾ. ಮಗು ಹುಟ್ಟಿದ ಮೊದಲ ಚಳಿಗಾಲದಲ್ಲೇ ತೊಟ್ಟಿಲ ಹಿಂದಿನ ಗೋಡೆಗೆ ಕರಿ ಬೂಷ್ಟು ಹಿಡಿಯಿತು. ಒರೆಸಿದೆವು, ಸುಣ್ಣ ಬಳಿದೆವು, ತೊಟ್ಟಿಲನ್ನು ಕೋಣೆಯ ಸುತ್ತ ಮೆರವಣಿಗೆ ಮಾಡಿಸಿದೆವು. ಬೂಷ್ಟು ಹಿಂದೆಯೇ ಬಂತು. ಮಗುವಿನ ಎದೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತು. ಡಾಕ್ಟರು ಗೋಡೆಯ ಫೋಟೋ ನೋಡಿ, "ಔಷಧಿ ಬರ್ಕೊಡ್ತೀನಮ್ಮ. ಆದ್ರೆ ಇಂಥ ಇನ್ನೊಂದು ಚಳಿಗಾಲನ ಈ ಎದೆ ತಡ್ಕೊಳ್ಳಲ್ಲ. ಗೋಡೆ ಒಣಗ್ಬೇಕು, ಕೋಣೆ ಬೆಚ್ಚಗಿರ್ಬೇಕು," ಎಂದರು. ಇಂಥ ಮನೆಯನ್ನು ಕೊಳ್ಳುವವರಿಲ್ಲ, ಬೇರೆ ಮನೆ ಹಿಡಿಯುವ ಶಕ್ತಿ ನಮಗಿಲ್ಲ. ಗಲೀನಾ ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ಗೋಡೆಯನ್ನೇ ನೋಡುತ್ತ ಕುಳಿತಳು.

ಅಷ್ಟರಲ್ಲಿ ಸರ್ಕಾರದ ಯೋಜನೆ ಬಂತು. ಹಳೇ ಕಟ್ಟಡಗಳಿಗೆ ಹೊರಗಿನಿಂದ ದಪ್ಪ ಥರ್ಮೋಕೋಲ್ ಹೊದಿಕೆ, ಹೊಸ ಕಿಟಕಿ, ಎಲ್ಲವೂ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಮ್ಮವರು. ಆದರೆ ನಿಯಮಗಳಿದ್ದವು. ಎಂಟೂ ಮನೆಯವರು ಸಹಿ ಹಾಕಬೇಕು. ಅವರವರ ತೇಪೆಗಳನ್ನೆಲ್ಲ ಕಿತ್ತೊಗೆಯಬೇಕು. ಕೆಲಸ ಮುಗಿದ ಮೇಲೆ ಶಾಖ ಉಳಿಸುವುದರಲ್ಲಿ ಕಟ್ಟಡಕ್ಕೆ 'ಸಿ' ದರ್ಜೆ ಬರಲೇಬೇಕು. ಇದನ್ನೆಲ್ಲ ನಮಗೆ ಓದಿ ಹೇಳುತ್ತಿದ್ದವರು ಕರ್ನಲ್ ಸ್ತಾಮೆನೋವ್. ಸೇನೆಯಿಂದ ನಿವೃತ್ತರಾದವರು, ಸರಿಯಾಗಿ ನಮ್ಮ ನೆತ್ತಿಯ ಮೇಲಿನ ಮನೆಯವರು, ಬೇರೆ ಯಾರೂ ಒಪ್ಪದ್ದರಿಂದ ಕಟ್ಟಡಕ್ಕೆ ಮುಖ್ಯಸ್ಥರಾದವರು. ಹಲಗೆ ಎಷ್ಟು ದಪ್ಪ ಇರಬೇಕು, ಮೊಳೆ ಎಷ್ಟು ದೂರಕ್ಕೊಂದು ಹೊಡೆಯಬೇಕು, ಎಲ್ಲ ಅವರಿಗೆ ಬಾಯಿಪಾಠ. ಯುದ್ಧ ಕಂಡವರಲ್ಲ, ಸೇನೆಯ ಉಗ್ರಾಣ ಕಾದವರು. ಆದರೂ ಮೆಟ್ಟಿಲ ಮೇಲೆ ನಿಂತು ಕಲಮುಗಳನ್ನು ಓದುವಾಗ ಎದುರಿಗೆ ಶತ್ರುಸೈನ್ಯವೇ ನಿಂತಿರುವಂತೆ ದನಿ ಏರಿಸುತ್ತಿದ್ದರು.

ಏಳು ಸಹಿ ಬಿದ್ದವು. ತ್ಸೋಂಕಾ ಮಾತ್ರ ರೈಲಿನ ಕಿಟಕಿ ಬಿಟ್ಟುಕೊಡಲು ಒಪ್ಪಲಿಲ್ಲ.

"ನನ್ ಬಾಲ್ಕನಿ, ನನ್ ಕಿಟ್ಕಿ. ಮೆಣಸಿನಕಾಯಿ ಎಲ್ರೀ ಸುಡ್ಲಿ ನಾನು? ನಿಮ್ ಕಾನೂನಿನ ತಲೆ ಮೇಲಾ?"

"ಹೊರಗೋಡೆ ಏಕರೂಪವಾಗಿರತಕ್ಕದ್ದು," ಎಂದರು ಕರ್ನಲ್.

"ಏಕರೂಪ ಗೀಕರೂಪ ಎಲ್ಲ ನಿಮ್ ಸಿಪಾಯಿಗಳಿಗೆ ಹೇಳ್ಕೊಳ್ಳಿ."

ಗಲೀನಾ ಮಗುವನ್ನು ಎತ್ತಿಕೊಂಡೇ ಮೆಟ್ಟಿಲ ಬಳಿ ನಿಂತಿದ್ದಳು. "ತ್ಸೋಂಕಕ್ಕ, ಇದರ ಎದೆಗೆ ಒಂದ್ಸಲ ಕಿವಿ ಇಟ್ಟು ನೋಡಿ. ಆಮೇಲೆ ಬೇಡ ಅನ್ನಿ," ಎಂದಳು.

"ಅಯ್ಯೋ ಪಾಪ. ಹಂದಿ ಕೊಬ್ಬು ಬಿಸಿ ಮಾಡಿ ತಿಕ್ಕು, ಎಲ್ಲ ಹೋಗತ್ತೆ," ಎಂದು ತ್ಸೋಂಕಾ ಬಾಗಿಲು ಹಾಕಿಕೊಳ್ಳಲು ಹೊರಟಳು.

ನಾನು ಬಾಗಿಲಿಗೆ ಕಾಲು ಕೊಟ್ಟೆ. "ನೋಡೇ ತ್ಸೋಂಕಾ, ಇಪ್ಪತ್ತು ವರ್ಷದಿಂದ ನಿನ್ ತಲೆಗೆ ಬಣ್ಣ ಹಚ್ತಾ ಇರೋಳು ನಾನು. ಸಹಿ ಹಾಕ್ಲಿಲ್ಲ ಅಂದ್ರೆ ನಾಳೆಯಿಂದ ಹಚ್ಚಲ್ಲ. ಹಚ್ದೆ ಸುಮ್ನಿರೋದೂ ಇಲ್ಲ, ಅದರ ಕೆಳಗೆ ಏನಿದೆ ಅಂತ ಮಾರ್ಕೆಟ್ಟಿಗೆಲ್ಲ ಹೇಳ್ಕೊಂಡ್ ಬರ್ತೀನಿ."

ಮಗುವಿನ ಎದೆಗೆ ಕರಗದವಳು ತನ್ನ ತಲೆಗೆ ಹೆದರಿ ಸಹಿ ಹಾಕಿದಳು.

ಬೇಸಿಗೆಯೆಲ್ಲ ಕೆಲಸ ನಡೆಯಿತು. ಪ್ಲಾಮೆನ್‌ನ ಹಸಿರು ತೇಪೆ ಕಿತ್ತರು, ರೈಲಿನ ಕಿಟಕಿಗಳು ಮತ್ತೆ ಗುಜರಿಗೆ ಹೋದವು. ನಾನು ಹೂಕುಂಡ ನೇತುಹಾಕಲು ಒಂದು ಮೊಳೆ ಹೊಡೆದದ್ದಕ್ಕೆ, ಹೊದಿಕೆಗೆ ಗಾಯವಾಯಿತೆಂದು ಕರ್ನಲ್ ಮೂರು ದಿನ ಮಾತು ಬಿಟ್ಟರು. ಶರತ್ಕಾಲದ ಹೊತ್ತಿಗೆ ಕಟ್ಟಡ ಮೈತುಂಬ ಹಳದಿ ಬಳಿದುಕೊಂಡು ಮದುವಣಗಿತ್ತಿಯಾಗಿ ನಿಂತಿತು. ನಗರಸಭೆಯಿಂದ ಯಾರೋ ಬಂದು ರಿಬ್ಬನ್ ಕತ್ತರಿಸಿದರು. ಬಾಗಿಲ ಪಕ್ಕ 'ಸಿ' ದರ್ಜೆಯ ಹಲಗೆ ಹೊಡೆದರು. ಈ ಮೊಳೆಯಿಂದ ಹೊದಿಕೆಗೆ ಗಾಯವಾಗಲಿಲ್ಲವಂತೆ.

ಆ ದಿನ ದರ್ಜೆ ಅಳೆದ ಎಂಜಿನಿಯರ್ ಹುಡುಗಿ ವ್ಯಾರಾ ಕೂಡ ಬಂದಿದ್ದಳು. ಭಾಷಣಗಳೆಲ್ಲ ಮುಗಿದ ಮೇಲೆ ಅವಳು ಎರಡು ಮಾತು ಹೇಳಿದಳು.

"ಈ ಹೊದಿಕೆ ಶಾಖ ಹುಟ್ಸಲ್ಲ. ಒಳಗಿರೋ ಶಾಖ ಹೊರಗೆ ಹೋಗದ ಹಾಗೆ ಹಿಡ್ಕೊಳ್ಳತ್ತೆ, ಅಷ್ಟೆ. ಮನೆ ಮನೆ ನಡುವಿನ ಗೋಡೆ ಈಗ್ಲೂ ಬರೀ ಸಿಮೆಂಟು. ಅದಕ್ಕೇ ಎಲ್ರೂ ಸ್ವಲ್ಪ ಸ್ವಲ್ಪ ರೇಡಿಯೇಟರ್ ತೆರೆದಿಟ್ಕೊಳ್ಳಿ. ಒಬ್ರು ತೆರೆದು ಇನ್ನೊಬ್ರು ಮುಚ್ಚಿದ್ರೆ ಮಾಡಿದ್ದೆಲ್ಲ ದಂಡ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅದೇ ಹೊತ್ತಿಗೆ ತ್ಸೋಂಕಾ ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾದ ತಟ್ಟೆ ತಂದಿದ್ದಳು, ಎಲ್ಲರ ಗಮನ ಯಾರ ತುಂಡಿನಲ್ಲಿ ಚೀಸ್ ಹೆಚ್ಚಿದೆ ಎಂಬುದರ ಮೇಲಿತ್ತು.

ಚಳಿ ಬಂತು. ನಮ್ಮಲ್ಲಿ ಊರಿನ ದೊಡ್ಡ ಬಾಯ್ಲರಿನಿಂದ ಬಿಸಿನೀರು ಕಟ್ಟಡದ ನೆಲಮಾಳಿಗೆಗೆ ಬಂದು ಅಲ್ಲಿಂದ ಕೊಳವೆ ಹತ್ತಿ ಮನೆಮನೆಗೆ ಹೋಗುತ್ತದೆ. ಕಿಟಕಿಯ ಕೆಳಗಿನ ರೇಡಿಯೇಟರಿಗೆ ಒಂದು ತಿರುಪು. ಯಾರು ಎಷ್ಟು ತೆರೆದರೋ ಅಷ್ಟು ಅವರ ಬಿಲ್ಲಿಗೆ. ಮೊದಲ ಹಿಮ ಬಿದ್ದ ದಿನ ಪ್ಲಾಮೆನ್ ಮೆಟ್ಟಿಲಲ್ಲಿ ಸಿಕ್ಕಿದ. ಮುಖದಲ್ಲಿ ಹಾಲು ಕುಡಿದ ಬೆಕ್ಕಿನ ಕಳೆ.

"ರಾದ್ಕಕ್ಕ, ನನ್ಮನೇಲಿ ಒಂದು ತಿರುಪೂ ತೆರೆದಿಲ್ಲ. ಆದ್ರೂ ತಕ್ಕಮಟ್ಟಿಗೆ ಬೆಚ್ಚಗಿದೆ ನೋಡಿ! ನೆರೆಮನೆ ರೇಡಿಯೇಟರ್‌ನಂಥ ರೇಡಿಯೇಟರ್ ಇನ್ನೊಂದಿಲ್ಲ. ಕೆಡೋದೂ ಇಲ್ಲ, ಬಿಲ್ ಬರೋದೂ ಇಲ್ಲ."

"ನೆರೆಯವನೂ ಹಂಗೇ ಅಂದ್ಕೊಂಡ್ರೆ?"

"ಎಲ್ರಿಗೂ ಅಷ್ಟು ಬುದ್ಧಿ ಎಲ್ಲಿರತ್ತಕ್ಕ?"

ಇತ್ತು, ಎಲ್ಲರಿಗೂ ಅಷ್ಟೇ ಬುದ್ಧಿ ಇತ್ತು. ಒಬ್ಬೊಬ್ಬರೂ ಇನ್ನೊಬ್ಬರಿಗೆ ತಿಳಿಯದಂತೆ ತಿರುಪು ಮುಚ್ಚಿ, ಉಳಿದವರೆಲ್ಲ ದಡ್ಡರೆಂದು ಒಳಗೊಳಗೇ ನಗುತ್ತ ಕುಳಿತಿದ್ದರು. ನಾವು ಮಾತ್ರ ಮಗುವಿಗೋಸ್ಕರ ಮನೆಯ ರೇಡಿಯೇಟರುಗಳನ್ನೆಲ್ಲ ಪೂರ್ತಿ ತೆರೆದಿದ್ದೆವು. ಆದರೂ ಕೋಣೆ ಕಾಯಲೊಲ್ಲದು. ಹೊರಗೋಡೆಯ ಬಗ್ಗೆ ಸುಳ್ಳು ಹೇಳಬಾರದು, ಅದು ಒಣಗಿ ಖಣಖಣ ಎನ್ನುತ್ತಿತ್ತು. ಆದರೆ ಸೂರು ಎಷ್ಟು ಕಾಯಿಸಿದರೂ ತಣ್ಣಗೆ. ತ್ಸೋಂಕಾಳ ಕಡೆಯ ಗೋಡೆ ತಣ್ಣಗೆ. ನಮ್ಮ ಉಸಿರೆಲ್ಲ ಅಲ್ಲಿ ನೀರಾಗಿ ಇಳಿಯುತ್ತಿತ್ತು. ಹೊಸವರ್ಷಕ್ಕೆ ಮುಂಚೆಯೇ ಮೂಲೆಯಲ್ಲಿ ಕರಿ ಚುಕ್ಕೆ ಕಂಡವು. ಈ ಸಲ ಬೂಷ್ಟು ಬೀದಿಯ ಕಡೆಯಿಂದ ಬರಲಿಲ್ಲ, ನೆರೆಮನೆಯ ಕಡೆಯಿಂದ ಬಂತು.

ಮಗುವಿನ ಎದೆ ಮತ್ತೆ ಕಿರುಗುಟ್ಟಿತು. ನಾನು ಮೇಲೆ ಹತ್ತಿ ಕರ್ನಲ್ ಮನೆಯ ಬಾಗಿಲು ತಟ್ಟಿದೆ. ಬನಿಯನ್ ಹಾಕಿಕೊಂಡು ಬರಿಗಾಲಲ್ಲಿ ಬಂದು ತೆರೆದರು.

"ಬನ್ನಿ ರಾದ್ಕಾ, ಬನ್ನಿ! ನೆಲ ಮುಟ್ಟಿ ನೋಡಿ. ಇಂಥ ಚಳೀಲಿ ಬರಿಗಾಲು! ಇದಕ್ಕಂತಾರೆ ನಿಯಮದ ಪ್ರಕಾರ ಮಾಡಿದ ಕೆಲಸ ಅಂತ."

ಬಗ್ಗಿ ಮುಟ್ಟಿದೆ. ಉಗುರುಬೆಚ್ಚಗಿತ್ತು. ನಮ್ಮ ಮಗು ಮೈಮೇಲೆ ಎರಡು ಸ್ವೆಟರ್ ಹಾಕಿಕೊಂಡು ಕೆಮ್ಮುತ್ತಿದ್ದುದು ಆ ನೆಲದ ಕೆಳಗೆ. ಕಿಟಕಿಯ ಬಳಿ ಹೋಗಿ ರೇಡಿಯೇಟರ್ ಮುಟ್ಟಿದೆ. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಕಳ್ಳಿಗಿಡದ ಕುಂಡಗಳ ಸಾಲು. ಕಬ್ಬಿಣ ಹೆಣದ ಹಾಗೆ ತಣ್ಣಗಿತ್ತು.

"ಕರ್ನಲ್ ಸಾಹೇಬ್ರೆ, ನಿಮ್ ಕಾಲ್ ಕೆಳಗಿರೋದು ನಮ್ ಬಿಸಿ."

"ಬಿಸಿ ಮೇಲೆ ಹೆಸ್ರು ಬರ್ದಿದ್ಯಾ?"

"ನಮ್ ಸೂರಿಂದ ನೀರಿಳೀತಾ ಇದೆ. ಮಗುಗೆ ಉಸಿರು ಕಟ್ತಿದೆ. ಒಂದು ಸುತ್ತು ತಿರುಗ್ಸಿ, ಸಾಕು. ಕೈ ಮುಗೀತೀನಿ."

ಅವರು ಕನ್ನಡಕ ಹಾಕಿಕೊಂಡರು. ಬನಿಯನ್ ಮೇಲೆ ಕನ್ನಡಕ ಹಾಕಿಕೊಂಡರೆ ಮನುಷ್ಯ ಎಷ್ಟು ಬೆತ್ತಲೆ ಕಾಣುತ್ತಾನೆಂದು ನನಗೆ ಆ ದಿನ ತಿಳಿಯಿತು.

"ಯಾವ ಕಲಮಿನಲ್ಲಿದೆ? ಮನೆ ಒಡೆಯ ತನ್ನ ರೇಡಿಯೇಟರ್ ತೆರೀಲೇಬೇಕು ಅಂತ ಒಂದು ಸಾಲು ತೋರ್ಸಿ. ಈ ಕ್ಷಣ ತೆರೀತೀನಿ. ನಾನು ಕಾನೂನು ಮೀರೋನಲ್ಲ."

ತೋರಿಸಲು ಏನಿತ್ತು? ಹಲಗೆಯ ದಪ್ಪಕ್ಕೆ ಕಲಮಿತ್ತು, ಮೊಳೆಗೆ ಕಲಮಿತ್ತು, ಬಣ್ಣಕ್ಕೂ ಕಲಮಿತ್ತು. ಮನುಷ್ಯನ ಕೈ ತಿರುಪಿನ ಕಡೆ ಚಾಚುವಂತೆ ಮಾಡುವ ಕಲಮನ್ನು ಯಾರೂ ಬರೆದಿರಲಿಲ್ಲ. ಅಂಥದ್ದನ್ನು ಬರೆಯಬೇಕಾಗಿ ಬರುತ್ತದೆಂದು ಆ ಕಾನೂನು ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ, ಪಾಪ, ಅವರು ನಮ್ಮ ಕಟ್ಟಡದಲ್ಲಿ ಬಾಳಿದವರಲ್ಲ.

ಕೆಳಗಿಳಿದು ತ್ಸೋಂಕಾಳನ್ನು ಕೇಳಿದೆ. ಅವಳು ಮುಚ್ಚುಮರೆ ಮಾಡುವವಳಲ್ಲ.

"ನಂದು ಮುಚ್ಚಿದೆ ಕಣೇ. ಆದ್ರೆ ನಿಮ್ ಕಡೆ ಗೋಡೆಗೆ ಒತ್ತಿಸಿ ಸೋಫಾ ಹಾಕ್ಕೊಂಡಿದೀನಿ ನೋಡು, ನನ್ ಬೆನ್ನು ನೋವು ಹೇಳ್ಹೆಸರಿಲ್ದಂಗೆ ಹೋಯ್ತು! ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ."

ಜನವರಿಯಲ್ಲಿ ಎಲಿತ್ಸಾ ಆಸ್ಪತ್ರೆ ಸೇರಿದಳು. ಮೂಗಿಗೆ ಕೊಳವೆ, ಅಂಗೈಯಷ್ಟಗಲದ ಎದೆ ಏರಿ ಇಳಿದು ಏರಿ ಇಳಿದು ಸುಸ್ತಾಗುತ್ತಿತ್ತು. ಎರಡು ವಾರ ಗಲೀನಾ ಅಲ್ಲೇ ಕುರ್ಚಿಯ ಮೇಲೆ ಮಲಗಿದಳು. ನಾನು ಸಾರು ಮಾಡಿ ಹೊತ್ತುಕೊಂಡು ಹೋಗಿ ಬರುತ್ತಿದ್ದೆ. ಕಟ್ಟಡದ ಒಬ್ಬರಾದರೂ ಮಗು ಹೇಗಿದೆ ಎಂದು ನಮ್ಮ ಬಾಗಿಲು ತಟ್ಟಲಿಲ್ಲ. ಮಗು ಉಳಿಯಿತು. ಬಿಡುಗಡೆಯ ದಿನ ಗಲೀನಾ ನನ್ನ ಮುಖ ನೋಡದೆ ಹೇಳಿದಳು.

"ಅತ್ತೆ, ನಾನು ಆ ಮನೆಗೆ ಬರಲ್ಲ. ನಮ್ಮೂರು ತ್ರಿನ್‌ಗೆ, ಅಮ್ಮನ ಹತ್ರ ಹೋಗ್ತೀನಿ."

"ಅಲ್ಲಿ ಇನ್ನೂ ಚಳಿ ಕಣಮ್ಮ. ಮಣ್ಣಿನ ಗೋಡೆ, ಹಳೇ ಕಿಟಕಿ."

"ಒಂದು ಒಲೆ ಇದೆ. ಅಮ್ಮ ಸೌದೆ ಹಾಕಿದ್ರೆ ನಮಗೋಸ್ಕರವೇ ಉರಿಯತ್ತೆ."

ಅವರನ್ನು ಬಸ್ಸು ಹತ್ತಿಸಿ ಬಂದು ಖಾಲಿ ಕೋಣೆಯಲ್ಲಿ ನಿಂತೆ. ಮಗುವಿಲ್ಲದ ತೊಟ್ಟಿಲ ಪಕ್ಕದಲ್ಲಿ ರೇಡಿಯೇಟರ್ ಇನ್ನೂ ಕುದಿಯುತ್ತಿತ್ತು. ಯಾರಿಗೋಸ್ಕರ? ಮೇಲಿನ ಬರಿಗಾಲಿಗೋ, ಪಕ್ಕದ ಬೆನ್ನಿಗೋ? ಒಂದೊಂದಾಗಿ ಎಲ್ಲ ತಿರುಪುಗಳನ್ನೂ ಮುಚ್ಚಿದೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ನನಗೆ ಒಂದು ಕಂಬಳಿ, ಒಂದು ಕೋಟು, ರಾಕಿಯಾ ಸಾರಾಯಿಯ ಒಂದು ಗುಟುಕು ಸಾಕಿತ್ತು.

ಮಾರನೆಯ ದಿನದಿಂದ ಕಟ್ಟಡ ತಣ್ಣಗಾಗತೊಡಗಿತು. ಒಂದು ತಿರುಪೂ ತೆರೆದಿಲ್ಲವಾದ್ದರಿಂದ ನೆಲಮಾಳಿಗೆಯ ಯಂತ್ರ ಬಿಸಿನೀರು ಕಳಿಸುವುದನ್ನೇ ನಿಲ್ಲಿಸಿತು, ಕೊಳವೆಗಳೂ ಆರಿದವು. ಮೆಟ್ಟಿಲಲ್ಲಿ ಒಂದೊಂದಾಗಿ ಶಾಲು, ಉಣ್ಣೆ ಟೊಪ್ಪಿಗೆ ಕಾಣಿಸಿಕೊಂಡವು. ಕರ್ನಲ್ ಮನೆಯೊಳಗೇ ಬೂಟು ಹಾಕಿಕೊಂಡು ಓಡಾಡುವ ಸದ್ದು ನನ್ನ ಸೂರಿನಲ್ಲಿ ಕೇಳುತ್ತಿತ್ತು. ಆ ಸದ್ದನ್ನು ನಾನು ಸಂಗೀತ ಕೇಳಿದ ಹಾಗೆ ಕೇಳಿದೆ.

"ಥರ್ಮೋಕೋಲ್ ಸತ್ತಿದೆ! ಕಳಪೆ ಮಾಲು!" ಎಂದು ಪ್ಲಾಮೆನ್ ಕೂಗಾಡಿದ. "ಎರಡು ತಿಂಗ್ಳು ಕಾಯಿಸ್ತು, ಆಮೇಲೆ ಮುಗೀತು. ಬ್ಯಾಟರಿ ಇದ್ದಂಗೆ!"

ಕರ್ನಲ್ ದೂರು ಕೊಟ್ಟರು. ವ್ಯಾರಾ ಬಂದಳು. ಚೀಲದಲ್ಲಿ ಏನೇನೋ ಅಳೆಯುವ ಸಾಮಾನಿತ್ತು, ಅವಳು ಅದನ್ನು ತೆರೆಯಲೇ ಇಲ್ಲ. ಮೇಲಿನ ಮಹಡಿಯಿಂದ ಶುರುಮಾಡಿ ಮನೆಮನೆಗೆ ಹೋಗಿ ರೇಡಿಯೇಟರ್ ಮೇಲೆ ಅಂಗೈ ಇಟ್ಟಳು. ಹಿಂದೆ ಶಾಲು ಹೊದ್ದ ಮೆರವಣಿಗೆ.

"ಇದು ಮುಚ್ಚಿದೆಯಲ್ಲ?"

"ನಂದು ಮುಚ್ಚಿದ್ರೇನು, ಅವ್ರದ್ದು ತೆರೆದಿರತ್ತಲ್ಲ," ಎಂದು ಪ್ಲಾಮೆನ್ ಎದುರು ಬಾಗಿಲು ತೋರಿಸಿದ. ಎದುರು ಬಾಗಿಲಿನವರು ಕೆಳಗಿನವರನ್ನು ತೋರಿಸಿದರು. ಕೆಳಗಿನವರು ಕರ್ನಲ್ ಅವರನ್ನು ತೋರಿಸಿದರು. ಕಳ್ಳಿಗಿಡಗಳನ್ನು ಸರಿಸಿ ವ್ಯಾರಾ ಅಲ್ಲೂ ಮುಟ್ಟಿದಳು. ತ್ಸೋಂಕಾಳದ್ದನ್ನು ಮುಟ್ಟಿದಳು. ಕೊನೆಗೆ ನಮ್ಮ ಮನೆ.

"ಇದೂ ತಣ್ಣಗೇ. ಇದೆಂದಿನಿಂದ?"

"ಮಗು ಹೋದಾಗಿನಿಂದ," ಎಂದೆ.

ವ್ಯಾರಾ ಶಾಲು ಹೊದ್ದ ಗುಂಪಿನ ಕಡೆ ತಿರುಗಿದಳು. "ಹೊದಿಕೆಗೆ ಏನೂ ಆಗಿಲ್ಲ," ಎಂದಳು. "ಇಡೀ ಕಟ್ಟಡದಲ್ಲಿ ತೆರೆದಿದ್ದದ್ದು ಈ ಒಂದು ಮನೆ. ನೀವೆಲ್ಲ ಇಷ್ಟು ದಿನ ಈ ಮಗೂ ಬಿಸೀಲಿ ಬದುಕಿದೀರಿ."

ನಾಚಿಕೊಳ್ಳುತ್ತಾರೆಂದು ಒಂದು ಗಳಿಗೆ ಅಂದುಕೊಂಡೆ. ಮೂವತ್ತು ವರ್ಷ ತಲೆ ಮುಟ್ಟಿಯೂ ನನಗೆ ಬುದ್ಧಿ ಬಂದಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು, ಸಿಟ್ಟಿನಿಂದ.

"ಮುಚ್ಚೋ ಮುಂಚೆ ಒಂದ್ ಮಾತು ಹೇಳ್ಬಾರ್ದಾ ಅಕ್ಕ?" ಎಂದ ಪ್ಲಾಮೆನ್. "ನಾವೆಲ್ಲ ನಿಮ್ಮನ್ನೇ ನಂಬ್ಕೊಂಡಿದ್ವಿ!"

"ನನ್ ಬೆನ್ನು ಮತ್ತೆ ಹಿಡ್ಕೊಂಡಿದೆ," ಎಂದಳು ತ್ಸೋಂಕಾ. ಆಮೇಲೆ ದನಿಗೆ ಜೇನು ಸವರಿಕೊಂಡು, "ಅಲ್ವೇ ರಾದ್ಕಾ, ಮಗುನ ಯಾವಾಗ ಕರ್ಕೊಂಡ್ ಬರ್ತಾಳೆ ಗಲೀನಾ? ಕಣ್ಣಿಗೆ ಕಟ್ಟಿದಂಗಿದೆ ಅದರ ಮುಖ," ಎಂದಳು.

ಎರಡು ಚಳಿಗಾಲದಲ್ಲಿ ನಮ್ಮ ಮಗುವಿನ ಬಗ್ಗೆ ಅವರಲ್ಲೊಬ್ಬರು ಕೇಳಿದ ಮೊದಲ ಮಾತು ಅದು. ನನ್ನ ಮೈ ಉರಿದುಹೋಯಿತು. "ಥೂ ನಿಮ್ಮ," ಎಂದು ಬಾಗಿಲು ಹಾಕಿಕೊಂಡೆ. ಹೊರಗೆ ವ್ಯಾರಾ ಎಲ್ಲರೂ ತಿರುಪು ತೆರೆಯಿರಿ ಎಂದು ಹೇಳಿ ಹೋದದ್ದು ಕೇಳಿಸಿತು. ಹೂಂ ಹೂಂ ಎಂದರು. ಸಂಜೆ ಕೊಳವೆ ಮುಟ್ಟಿ ನೋಡಿದೆ. ಒಬ್ಬರೂ ತೆರೆದಿರಲಿಲ್ಲ, ಇನ್ನೊಬ್ಬರು ತೆರೆಯಲೆಂದು ಕಾಯುತ್ತಿದ್ದರು.

ಆ ವಾರ ಗಲೀನಾ ಫೋನ್ ಮಾಡಿದಳು. "ಅತ್ತೆ, ಕೇಳಿಸ್ಕೊಳಿ," ಎಂದು ಫೋನನ್ನು ಎಲ್ಲಿಗೋ ಹಿಡಿದಳು. ಏನೂ ಕೇಳಲಿಲ್ಲ. "ಏನು? ಏನೂ ಕೇಳ್ತಿಲ್ಲ," ಎಂದೆ.

"ಅದೇ ಅತ್ತೆ. ಅವಳ ಎದೆ ಹತ್ರ ಹಿಡ್ದಿದೀನಿ. ಮಲ್ಗಿದಾಳೆ."

ನಾನು ಅತ್ತುಬಿಟ್ಟೆ. ಆಮೇಲೆ ಎದ್ದು ಕತ್ತರಿ, ಬಾಚಣಿಗೆ, ನಾಲ್ಕು ಬಟ್ಟೆ ಚೀಲಕ್ಕೆ ತುಂಬಿದೆ. ತ್ರಿನ್‌ನಲ್ಲೂ ಜನರಿಗೆ ಕೂದಲು ಬೆಳೆಯುತ್ತದೆ.

ಬೆಳಿಗ್ಗೆ ಬೀಗ ಹಾಕುತ್ತಿದ್ದಾಗ ಕರ್ನಲ್ ಮೆಟ್ಟಿಲಿಳಿದು ಬಂದರು. ತುಪ್ಪಳದ ಟೊಪ್ಪಿಗೆ, ಓವರ್‌ಕೋಟು, ಮೂಗಿನ ತುದಿ ಕೆಂಪಗೆ.

"ಹೊರಟ್ರಾ ರಾದ್ಕಾ? ಒಳ್ಳೇದು. ಹೋಗೋ ಮುಂಚೆ ಬೀಗದಕೈ ಕೊಟ್ಹೋಗಿ."

"ಯಾಕೆ?"

"ನಿಮ್ ರೇಡಿಯೇಟರ್‌ಗಳನ್ನ ತೆರೆಯೋಕೆ. ನಿಮಗ್ಯಾಕೆ ತೊಂದ್ರೆ, ನಾವೇ ನೋಡ್ಕೋತೀವಿ. ನಿನ್ನೆ ಸಭೆ ಸೇರಿ ತೀರ್ಮಾನ ಮಾಡಿದೀವಿ. ಏಳೂ ಮನೆಯವರು ಒಪ್ಪಿದಾರೆ, ವಿರೋಧ ಯಾರೂ ಇಲ್ಲ."

"ಬಿಲ್ಲು?"

"ಮನೆ ನಿಮ್ಮದಲ್ವಾ? ನಿಮ್ಮ ಹೆಸರಿಗೇ ಬರತ್ತೆ. ಅದೇ ನಿಯಮ."

ನನಗೆ ಕೂಗಾಡುವಷ್ಟು ಸಿಟ್ಟೂ ಉಳಿದಿರಲಿಲ್ಲ. ತಾಳ್ಮೆಯಿಂದ ಹೇಳಿದೆ, "ಕರ್ನಲ್ ಸಾಹೇಬ್ರೆ, ನಿಮ್ ಮನೇಲೂ ರೇಡಿಯೇಟರ್ ಇದೆ. ಕಳ್ಳಿಗಿಡ ಪಕ್ಕಕ್ಕಿಟ್ಟು ತಿರುಪು ತಿರುಗ್ಸಿ. ಮನೆ ಬೆಚ್ಚಗಾಗತ್ತೆ."

ನಾನು ಏನೋ ಅಸಹ್ಯದ ಮಾತಾಡಿದೆನೆಂಬಂತೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ತ್ಸೋಂಕಾಳ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ನಿಜವಾಗಿ ನೊಂದುಕೊಂಡು ಹೇಳಿದರು:

"ಏನ್ ಮಾತೂಂತ ಆಡ್ತೀರಿ ರಾದ್ಕಾ? ನಾನೊಬ್ಬ ತೆರೆದ್ರೆ ಈ ಕಳ್ಳರೆಲ್ಲ ಪುಕ್ಕಟೆ ಬೆಚ್ಚಗಾಗ್ತಾರಲ್ಲ!"

ಬೀಗದಕೈಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ನಾನು ಬಸ್ಸಿಗೆ ಹೊರಟೆ.